ಒಂದೇ ಗಲಾಟೆ, ಎಂಟು ಕಲಂ: ಎಷ್ಟು ಸಲ ಶಿಕ್ಷೆ ಕೊಡಬಹುದು?

ಗದ್ದೆಬದು

ಎಲ್ಲರಿಗೂ ನಮಸ್ಕಾರ. ಹೊಲದ ಬದುವಿನ ವಿಷಯಕ್ಕೆ 2023ರಲ್ಲಿ ನಮ್ಮೂರಲ್ಲಿ ಎರಡು ಮನೆಯವರ ನಡುವೆ ಹೊಡೆದಾಟ ಆಯಿತು. ನನ್ನ ಚಿಕ್ಕಪ್ಪನ ಮಗನೂ ಆರೋಪಿ. ಆ ವರ್ಷವೇ ಚಾರ್ಜ್‌ಶೀಟ್ ಹಾಕಿದ್ದಾರೆ. ಐಪಿಸಿ ಕಲಂ 143, 147, 148, 341 (ಅಡ್ಡಗಟ್ಟಿದ್ದು), 323 (ಹೊಡೆದು ನೋಯಿಸಿದ್ದು), 324 (ಆಯುಧದಿಂದ ಗಾಯ), 504, 506 ರೆ/ವಿ 149, ಅಂದರೆ ಕೂಟದವರೆಲ್ಲ ಹೊಣೆ ಅನ್ನುವ 149ರ ಜೊತೆ ಓದಿ. ಸಾಕ್ಷಿ ವಿಚಾರಣೆ ಇನ್ನೂ ನಡೆಯುತ್ತಿದೆ.

ಎಲ್ಲ ಸೇರಿ ಹತ್ತು ನಿಮಿಷದ ಗಲಾಟೆ. ಅದಕ್ಕೆ ಎಂಟು ಕಲಂ! ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ ಅಂತ ಸಂವಿಧಾನದಲ್ಲೇ ಇದೆ ಅಲ್ವಾ? ಹಾಗಿದ್ದರೆ ಇದು ಹೇಗೆ ನಡೆಯುತ್ತದೆ? ಒಂದೊಂದಕ್ಕೂ ಇರುವ ಗರಿಷ್ಠ ಶಿಕ್ಷೆಯನ್ನು ಕೂಡಿಸಿದರೆ 13 ವರ್ಷ 7 ತಿಂಗಳು ಬರುತ್ತದೆ. ಮನೆಯವರು ಆ ಲೆಕ್ಕ ನೋಡಿ ಊಟ ಬಿಟ್ಟಿದ್ದಾರೆ. ತಿಳಿದವರು ಹೇಳಿ.

ಕೃಷ್ಣಾತೀರ

ಇದು ಎಲ್ಲ ಕಡೆ ಹೀಗೇ. ಐಪಿಸಿ ಇದ್ದ ಕಾಲದಲ್ಲಿ ನಾಲ್ಕು ಜನ ಜಗಳ ಆಡಿದರೆ 504, 506 ಸೇರಿಸದೆ ಎಫ್ಐಆರ್ ಬರೆಯುತ್ತಲೇ ಇರಲಿಲ್ಲ. ಐದನೆಯವನ ಹೆಸರು ಬಿದ್ದರೆ 143, 147 ಕೂಡ ಬರುತ್ತಿತ್ತು. ಸಂವಿಧಾನದ 20(2)ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಿ. ಎಂಟರಲ್ಲಿ ಏಳು ಬಿದ್ದುಹೋಗುತ್ತವೆ.

ಕರಿಕೋಟು

ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವನು ನಾನು. ಕೃಷ್ಣಾತೀರ ಅವರ ಸಲಹೆ ಕೇಳಿ ಹೈಕೋರ್ಟಿಗೆ ದುಡ್ಡು ಸುರಿಯಬೇಡಿ. 20(2) ಈ ಹಂತದಲ್ಲಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಆ ವಿಧಿ ಹೇಳುವುದು ಇಷ್ಟೇ: ಒಬ್ಬ ವ್ಯಕ್ತಿಯನ್ನು ಒಂದೇ ಅಪರಾಧಕ್ಕಾಗಿ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಮಾಡಿ ಶಿಕ್ಷಿಸುವಂತಿಲ್ಲ. ಅಂದರೆ ಮೊದಲು ಒಂದು ವಿಚಾರಣೆ ಮುಗಿದು ಶಿಕ್ಷೆ ಆಗಿರಬೇಕು. ಆಮೇಲೆ ಅದೇ ಅಪರಾಧಕ್ಕೆ ಎರಡನೇ ಸಲ ಎಳೆದರೆ ಅದು ಅಡ್ಡ ಬರುತ್ತದೆ. ನಿಮ್ಮ ತಮ್ಮನಿಗೆ ಮೊದಲ ವಿಚಾರಣೆಯೇ ಮುಗಿದಿಲ್ಲ. ಒಂದೇ ಘಟನೆಯಿಂದ ಹುಟ್ಟಿದ ಹಲವು ಆರೋಪಗಳನ್ನು ಒಂದೇ ವಿಚಾರಣೆಯಲ್ಲಿ ನಡೆಸಲು ದಂಡ ಪ್ರಕ್ರಿಯಾ ಸಂಹಿತೆಯ 220ನೇ ಕಲಂ ಸ್ಪಷ್ಟವಾಗಿ ಒಪ್ಪುತ್ತದೆ. ಹಾಗಾಗಿ ಎಂಟು ಕಲಂ ಹಾಕಿದ್ದೇ ತಪ್ಪು ಅಂತ ಕೋರ್ಟು ಹೇಳುವುದಿಲ್ಲ.

ನಿಮ್ಮ ಮನೆಯವರಿಗೆ ನಿಜವಾಗಿ ನೆರವಾಗುವುದು ಐಪಿಸಿಯ 71ನೇ ಕಲಂ. ಐಪಿಸಿಯ ಜಾಗಕ್ಕೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು 9ನೇ ಕಲಂ ಆಗಿದೆ. ಒಂದು ಅಪರಾಧ ಹಲವು ಭಾಗಗಳಿಂದ ಆಗಿದ್ದು, ಆ ಭಾಗಗಳೂ ಅಪರಾಧವೇ ಆಗಿದ್ದರೆ, ಒಂದಕ್ಕಿಂತ ಜಾಸ್ತಿ ಶಿಕ್ಷೆ ಇಲ್ಲ ಅನ್ನುತ್ತದೆ ಅದು. ಕಾನೂನಿನಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಬ್ಬನು ಇನ್ನೊಬ್ಬನಿಗೆ ಕೋಲಿನಿಂದ ಐವತ್ತು ಏಟು ಹೊಡೆದ. ಏಟಿಗೊಂದು ವರ್ಷ ಅಂತ ಲೆಕ್ಕ ಹಾಕಿದರೆ ಐವತ್ತು ವರ್ಷ ಜೈಲು. ಹಾಗೆ ಮಾಡುವಂತಿಲ್ಲ. ಇಡೀ ಹೊಡೆತಕ್ಕೆ ಒಂದೇ ಶಿಕ್ಷೆ.

ಈಗ ನಿಮ್ಮ ಪಟ್ಟಿ ನೋಡಿ. 143 ಅಂದರೆ ಅಕ್ರಮ ಕೂಟದ ಸದಸ್ಯನಾಗಿರುವುದು. 147 ಅಂದರೆ ಆ ಕೂಟ ಬಲಪ್ರಯೋಗ ಮಾಡಿ ದೊಂಬಿ ಮಾಡಿದ್ದು. 148 ಅಂದರೆ ಮಾರಕ ಆಯುಧ ಹಿಡಿದು ದೊಂಬಿ ಮಾಡಿದ್ದು. 148 ಸಾಬೀತಾದರೆ 147 ಮತ್ತು 143 ಅದರ ಹೊಟ್ಟೆಯೊಳಗೇ ಇವೆ. ಮೂರಕ್ಕೂ ಬೇರೆ ಬೇರೆ ಶಿಕ್ಷೆ ಕೊಡುವುದು 71ಕ್ಕೆ ವಿರುದ್ಧ ಅಂತ ವಾದಿಸಬೇಕು. ಆದರೆ 504, ಅಂದರೆ ಕೆಣಕುವಂತೆ ಬೈಯುವುದು, ಬೇರೆಯದೇ ಕೃತ್ಯ. 506 ಬೆದರಿಕೆ, ಅದೂ ಬೇರೆ. ಹೊಡೆಯದೆಯೂ ಬೈಯಬಹುದು, ಬೈಯದೆಯೂ ಹೊಡೆಯಬಹುದು. ಅವು ಸಾಬೀತಾದರೆ 71 ಕಾಪಾಡುವುದಿಲ್ಲ.

ಗದ್ದೆಬದು

ತುಂಬಾ ಉಪಕಾರ ಸರ್. ಆದರೂ 13 ವರ್ಷದ ಹೆದರಿಕೆ ಹೋಗಿಲ್ಲ. ಮೂರರಲ್ಲಿ ಎರಡು ಹೋದರೂ ಉಳಿದದ್ದು ಕಡಿಮೆ ಇಲ್ಲ.

ಕರಿಕೋಟು

ಅಷ್ಟು ಆಗಲು ಸಾಧ್ಯವೇ ಇಲ್ಲ. ನಿಮ್ಮ ಕೇಸು ಇರುವುದು ಜೆಎಂಎಫ್‌ಸಿ ಕೋರ್ಟಿನಲ್ಲಿ ಅಲ್ವಾ? ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ ಮೂರು ವರ್ಷಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಒಂದೇ ವಿಚಾರಣೆಯಲ್ಲಿ ಹಲವು ಅಪರಾಧ ಸಾಬೀತಾಗಿ ಶಿಕ್ಷೆಗಳು ಒಂದಾದ ಮೇಲೊಂದು ಬಂದರೂ, ಒಟ್ಟು ಮೊತ್ತ ಆ ಕೋರ್ಟಿನ ಮಿತಿಯ ಎರಡರಷ್ಟನ್ನು ದಾಟಬಾರದು. ಅಂದರೆ ಆರು ವರ್ಷ ಅಂಚು. ಇದು ದಂಡ ಪ್ರಕ್ರಿಯಾ ಸಂಹಿತೆಯ 31ನೇ ಕಲಂ. ಮನೆಯವರಿಗೆ ಇವತ್ತೇ ಹೇಳಿ, ಊಟ ಮಾಡಲಿ.

ಇನ್ನೊಂದು ಮುಖ್ಯ ವಿಷಯ. ಹಳೆಯ 31ನೇ ಕಲಂ ಪ್ರಕಾರ, ತೀರ್ಪಿನಲ್ಲಿ ಏನೂ ಬರೆಯದೆ ಬಿಟ್ಟರೆ ಶಿಕ್ಷೆಗಳು ಒಂದಾದ ಮೇಲೊಂದು ಓಡುತ್ತವೆ. ಎಲ್ಲ ಶಿಕ್ಷೆ ಏಕಕಾಲಕ್ಕೆ ಜಾರಿಯಾಗಬೇಕಾದರೆ ನ್ಯಾಯಾಧೀಶರು ಹಾಗಂತ ಬರೆಯಲೇಬೇಕು. ಆ ಒಂದು ಸಾಲು ಇಲ್ಲದ ಕಾರಣಕ್ಕೆ ಜಾಸ್ತಿ ದಿನ ಒಳಗಿದ್ದವರನ್ನು ನೋಡಿದ್ದೇನೆ. ತುಂಬಾ ಬೇಸರವಾಗುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂನಲ್ಲಿ ಇದನ್ನು ಬದಲಿಸಿದ್ದಾರೆ. ಏಕಕಾಲಕ್ಕೋ ಒಂದಾದ ಮೇಲೊಂದೋ ಅನ್ನುವುದನ್ನು ಅಪರಾಧದ ತೂಕ ನೋಡಿ ಕೋರ್ಟೇ ಹೇಳಬೇಕು. ಆದರೆ ನಿಮ್ಮ ಕೇಸು ಆ ದಿನಕ್ಕೂ ಮೊದಲೇ ಕೋರ್ಟಿನಲ್ಲಿ ಇದ್ದದ್ದರಿಂದ ಹಳೆಯ ಕಾನೂನಿನಲ್ಲೇ ನಡೆಯುತ್ತದೆ. ನಿಮ್ಮ ವಕೀಲರು ಬಾಯಿ ಬಿಟ್ಟು ಕೇಳಲೇಬೇಕು.

ಮಲೆನಾಡ ಮಗಳು

ಇಲ್ಲಿ ಎಲ್ಲರೂ ಆರೋಪಿಯ ಕಡೆಯಿಂದಲೇ ಮಾತಾಡುತ್ತಿದ್ದೀರಿ. ನಮ್ಮಪ್ಪ ಇಂಥದೇ ಜಗಳ ಬಿಡಿಸಲು ಹೋಗಿ ಕೈ ಮುರಿಸಿಕೊಂಡರು. ಹೊಡೆದವರ ಗುರಿ ಬೇರೆಯವರು, ಅಪ್ಪ ಮಧ್ಯೆ ಹೋದವರು. "ಒಂದೇ ಘಟನೆ, ಒಂದೇ ಶಿಕ್ಷೆ" ಅಂದರೆ ನಮ್ಮಪ್ಪನ ಕೈಗೆ ಲೆಕ್ಕವೇ ಇಲ್ಲವೇ? ಘಟನೆ ಒಂದೇ ಇರಬಹುದು, ಪೆಟ್ಟು ತಿಂದವರು ಇಬ್ಬರು.

ಕರಿಕೋಟು

ನಿಮ್ಮಪ್ಪನ ಕೈಗೆ ಲೆಕ್ಕ ಇದೆ, ತಂಗಿ. ಆ ಕೋಲಿನ ಉದಾಹರಣೆಯ ಮುಂದಿನ ಸಾಲು ನಿಮ್ಮಪ್ಪನ ವಿಷಯವೇ. ಹೊಡೆಯುತ್ತಿರುವಾಗ ಮಧ್ಯೆ ಬಂದ ಮೂರನೆಯವನಿಗೆ ಬೇಕೆಂದೇ ಹೊಡೆದರೆ, ಆ ಏಟು ಮೊದಲ ಹೊಡೆತದ ಭಾಗ ಅಲ್ಲ. ಅದಕ್ಕೆ ಬೇರೆ ಶಿಕ್ಷೆ ಕೊಡಬಹುದು. 1860ರಲ್ಲೇ ಹೀಗೆ ಬರೆದಿಟ್ಟಿದ್ದಾರೆ, ಹೊಸ ಸಂಹಿತೆಯಲ್ಲೂ ಉಳಿಸಿಕೊಂಡಿದ್ದಾರೆ.

"ಒಂದೇ ಘಟನೆ" ಅನ್ನುವ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಅನಿಸುತ್ತದೆ. ಕೋರ್ಟು ಗಡಿಯಾರ ನೋಡುವುದಿಲ್ಲ. ಹತ್ತು ನಿಮಿಷದಲ್ಲಿ ಐದು ಬೇರೆ ಅಪರಾಧ ಆಗಬಹುದು, ಒಂದು ಗಂಟೆಯ ಹೊಡೆತ ಒಂದೇ ಅಪರಾಧ ಆಗಬಹುದು.

ಓದುವ ಹುಡುಗಿ

ನಾನು ಕಾನೂನು ಕೊನೆಯ ವರ್ಷದಲ್ಲಿದ್ದೇನೆ. ಕರಿಕೋಟು ಸರ್ ಹೇಳಿದ್ದಕ್ಕೆ ಹಿನ್ನೆಲೆ ಸೇರಿಸುತ್ತೇನೆ. "ಒಂದೇ ಅಪರಾಧ" ಯಾವುದು ಅಂತ ತೀರ್ಮಾನಿಸಲು ಸುಪ್ರೀಂ ಕೋರ್ಟ್ 1960ರ ಡಿಸೆಂಬರ್‌ನಲ್ಲಿ ಎಸ್.ಎಲ್. ಆಪ್ಟೆ ಪ್ರಕರಣದಲ್ಲಿ ಒಂದು ಅಳತೆಗೋಲು ಕೊಟ್ಟಿತು. ವಿಮಾ ಕಂಪನಿಯ ಹಣದ ವಿಷಯ ಅದು. ಐಪಿಸಿಯ 409ರ ನಂಬಿಕೆದ್ರೋಹ ಮತ್ತು ವಿಮಾ ಕಾಯ್ದೆಯ 105ನೇ ಕಲಂ, ಎರಡೂ ಇದ್ದವು. ಎರಡರಲ್ಲೂ ಹೇಳಿದ ಸಂಗತಿ ಒಂದೇ ಆದರೆ ಸಾಲದು, ಅಪರಾಧದ ಘಟಕಗಳೂ ಒಂದೇ ಇರಬೇಕು ಅಂತ ಕೋರ್ಟು ಹೇಳಿತು. ಒಂದನ್ನು ಸಾಬೀತು ಮಾಡಲು ಬೇಕಾದ ಅಂಶ ಇನ್ನೊಂದಕ್ಕೆ ಬೇಡವಾಗಿದ್ದರೆ, ಅವು ಎರಡು ಅಪರಾಧ.

ಇನ್ನೊಂದು ವ್ಯತ್ಯಾಸ ತುಂಬಾ ಜನ ಮರೆಯುತ್ತಾರೆ. 20(2) ಬರುವುದು ಮೊದಲ ಸಲ ಶಿಕ್ಷೆ ಆಗಿದ್ದರೆ ಮಾತ್ರ. ಖುಲಾಸೆ ಆದವನಿಗೆ ಅದರಿಂದ ರಕ್ಷಣೆ ಇಲ್ಲ. ಅವನನ್ನು ಕಾಯುವುದು ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಂ. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 337. ಇದರ ವ್ಯಾಪ್ತಿ ಸಂವಿಧಾನಕ್ಕಿಂತ ದೊಡ್ಡದು. ಶಿಕ್ಷೆ ಆಗಿರಲಿ, ಖುಲಾಸೆ ಆಗಿರಲಿ, ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಅವೇ ಸಂಗತಿಗಳ ಮೇಲೆ ಹೊರಿಸಬಹುದಾಗಿದ್ದ ಬೇರೆ ಆರೋಪಕ್ಕೂ ಇಲ್ಲ.

ಕೇರಳದ ಒಬ್ಬ ಕೃಷಿ ಅಧಿಕಾರಿಯ ಪ್ರಕರಣ ಇದೆ, ಟಿ.ಪಿ. ಗೋಪಾಲಕೃಷ್ಣನ್, 2022ರ ಡಿಸೆಂಬರ್ ತೀರ್ಪು. ಬೀಜೋತ್ಪಾದನಾ ಫಾರಂನ ಹಣ ದುರುಪಯೋಗದ ಆರೋಪ. ಮೊದಲು ಎರಡು ಕೇಸು ನಡೆದವು. ಆಮೇಲೆ ಲೆಕ್ಕ ಪರಿಶೋಧನೆ ಮಾಡಿ, ಅದೇ ಹುದ್ದೆ ಅದೇ ಅವಧಿ ಹಿಡಿದು ಮತ್ತೆ ಮೂರು ಕೇಸು ಹಾಕಿದರು. ಸುಪ್ರೀಂ ಕೋರ್ಟ್ 300(1)ರ ಅಡಿ ಅವನ್ನು ರದ್ದು ಮಾಡಿತು. ಒಂದೇ ವಿಷಯವನ್ನು ತುಂಡು ತುಂಡು ಮಾಡಿ ಮನುಷ್ಯನನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುವುದಕ್ಕೆ ಇದು ಸರಿಯಾದ ಉತ್ತರ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆದ್ದಾರಿ ಸಾರಥಿ

ನಾನು ಲಾರಿ ಓಡಿಸುತ್ತೇನೆ. ಐಪಿಸಿ ಇದ್ದ ಕಾಲದಲ್ಲಿ ಅಪಘಾತ ಆದರೆ ನಮ್ಮ ಮೇಲೆ ಅದರ 279 (ಅಜಾಗರೂಕ ಓಡಾಟ), 337 (ಗಾಯ), 338 (ತೀವ್ರ ಗಾಯ), ಜೀವ ಹೋದರೆ 304ಎ ಬೀಳುತ್ತಿದ್ದವು. ಹಿಂದೆಯೇ ಮೋಟಾರು ವಾಹನ ಕಾಯ್ದೆಯ 134, 187. ಬ್ರೇಕು ತಪ್ಪಿದ್ದು ಒಂದೇ ಸಲ. ನನ್ನ ಜೊತೆಗಾರನೊಬ್ಬ ಕೋರ್ಟಿನಲ್ಲಿ ತಪ್ಪು ಒಪ್ಪಿ 279ಕ್ಕೂ 338ಕ್ಕೂ ದಂಡ ಕಟ್ಟಿ ಬಂದ. ಮುಗಿಯಿತು ಅಂದುಕೊಂಡ. ಗಾಯಗೊಂಡವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಈಗ 304ಎ ಅಂತ ಮತ್ತೆ ಕರೆಯುತ್ತಿದ್ದಾರೆ. ಇದು ಎರಡನೇ ಸಲ ಅಲ್ಲವೇ?

ಕರಿಕೋಟು

ಕೇಳಲು ಕಷ್ಟ ಆದರೂ ಇದನ್ನು ನೇರವಾಗಿ ಹೇಳಬೇಕು. ಈ ಮರುವಿಚಾರಣೆಗೆ ಕಾನೂನು ಅವಕಾಶ ಕೊಡುತ್ತದೆ. 300(3)ರಲ್ಲಿ ಇರುವುದು ಇದೇ ಸಂದರ್ಭ. ಶಿಕ್ಷೆ ಆದಾಗ ಇನ್ನೂ ಆಗದಿದ್ದ ಪರಿಣಾಮ ಆಮೇಲೆ ಆದರೆ, ಆ ಹೊಸ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸಬಹುದು. ಅಲ್ಲಿಯೂ ಒಂದು ಉದಾಹರಣೆ ಇದೆ. ತೀವ್ರ ಗಾಯ ಮಾಡಿದ್ದಕ್ಕೆ ಒಬ್ಬನಿಗೆ ಶಿಕ್ಷೆ ಆಯಿತು. ಗಾಯಾಳು ಆಮೇಲೆ ಸತ್ತ. ನರಹತ್ಯೆಗೆ ಅವನನ್ನು ಮತ್ತೆ ವಿಚಾರಣೆ ಮಾಡಬಹುದು.

ಆದರೆ ದಿನಾಂಕ ಸರಿಯಾಗಿ ನೋಡಿ. ದಂಡ ಕಟ್ಟಿದ ದಿನಕ್ಕೆ ಮೊದಲೇ ಗಾಯಾಳು ತೀರಿಕೊಂಡಿದ್ದು, ಅದು ಕೋರ್ಟಿಗೆ ಗೊತ್ತಿದ್ದರೆ ಈ ವಿನಾಯಿತಿ ಸಿಗುವುದಿಲ್ಲ. ಮರಣದ ದಿನಾಂಕ, ಆದೇಶದ ದಿನಾಂಕ, ಮರಣದ ಸುದ್ದಿ ಕಡತಕ್ಕೆ ಬಂದ ದಿನಾಂಕ, ಇಷ್ಟನ್ನೂ ಪ್ರಮಾಣಿತ ಪ್ರತಿ ತೆಗೆಸಿ ವಕೀಲರ ಕೈಗೆ ಕೊಡಲಿ.

ನಿಮ್ಮ ಮೊದಲ ಪ್ರಶ್ನೆ. ಸಾವಿಗೆ ಕಾರಣವಾದ ಓಡಾಟಕ್ಕೆ 304ಎ ಶಿಕ್ಷೆ ಆದ ಮೇಲೆ ಅದೇ ಅಜಾಗರೂಕತೆಗೆ 279 ಅಂತ ಇನ್ನೊಂದು ಶಿಕ್ಷೆ ಬೇಡ, ಅದು ಇದರಲ್ಲಿ ಸೇರಿಹೋಗಿದೆ ಅಂತ ನಾವು ವಾದಿಸುತ್ತೇವೆ, ಕೋರ್ಟುಗಳೂ ಒಪ್ಪುತ್ತವೆ. 134 ಹಾಗಲ್ಲ. ಗಾಯಾಳುವಿಗೆ ನೆರವಾಗದೆ, ಪೊಲೀಸರಿಗೆ ತಿಳಿಸದೆ ಹೋದದ್ದು ಅಪಘಾತದ ನಂತರದ ಬೇರೆ ತಪ್ಪು. ಅದರ ಶಿಕ್ಷೆ ಬೇರೆ.

ಓದುವ ಹುಡುಗಿ

ಸಾರಥಿ ಅವರೇ, ಎರಡು ತೀರ್ಪು ನಿಮಗೆ ಉಪಯೋಗಕ್ಕೆ ಬರಬಹುದು. ಅಪಘಾತದ ಕೇಸನ್ನು ಮೋಟಾರು ವಾಹನ ಕಾಯ್ದೆಯಲ್ಲಿ ಮಾತ್ರ ನಡೆಸಬೇಕು, ಐಪಿಸಿ ಬೇಡ ಅಂತ ಗುವಾಹಟಿ ಹೈಕೋರ್ಟ್ ಹೇಳಿತ್ತು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಎರಡೂ ಕಾನೂನಿನ ಅಡಿ ಕೇಸು ನಡೆಯಬಹುದು.

ಇನ್ನೊಂದು ಮುಂಬೈನ ಕಾರ್ಟರ್ ರಸ್ತೆಯದು. 2006ರ ನವೆಂಬರ್ 12ರಂದು ಪಾದಚಾರಿ ದಾರಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಜನ ಸತ್ತರು, 8 ಜನರಿಗೆ ಗಾಯ. ಅದೇ ಒಂದು ಓಡಾಟಕ್ಕೆ 304ರ ಎರಡನೇ ಭಾಗ (ಸಾವು ಆಗಬಹುದು ಅಂತ ಗೊತ್ತಿದ್ದೂ ಮಾಡಿದ ನರಹತ್ಯೆ) ಮತ್ತು 338 ಎರಡನ್ನೂ ಹೊರಿಸುವುದು ಸರಿಯೇ ಅನ್ನುವ ಪ್ರಶ್ನೆ ಬಂತು. ಅದರಲ್ಲಿ ತಪ್ಪಿಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸತ್ತವರ ಲೆಕ್ಕ ಒಂದು, ಗಾಯಗೊಂಡು ಬದುಕಿದವರ ಲೆಕ್ಕ ಇನ್ನೊಂದು. ಮಲೆನಾಡ ಮಗಳು ಅವರು ಕೇಳಿದ್ದಕ್ಕೂ ಇದು ಉತ್ತರ.

ಕೃಷ್ಣಾತೀರ

ನಮ್ಮ ಕಡೆ ಮರಳಿನ ಟ್ರ್ಯಾಕ್ಟರ್ ಹಿಡಿದರೆ ಗಣಿ ಇಲಾಖೆಗೆ ದಂಡ ಕಟ್ಟಿಸಿಕೊಳ್ಳುತ್ತಾರೆ. ಅದಾದ ಮೇಲೂ ಠಾಣೆಯಲ್ಲಿ 379 ಕಳ್ಳತನದ ಕೇಸು ಹಾಗೇ ನಿಂತಿರುತ್ತದೆ. ದಂಡವೂ ಬೇಕು, ಜೈಲೂ ಬೇಕು ಅಂದರೆ ಅದು ಎರಡು ಶಿಕ್ಷೆ ಅಲ್ಲದೆ ಮತ್ತೇನು?

ಕರಿಕೋಟು

2014ರಲ್ಲಿ ದೆಹಲಿಯ ಸಂಜಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಅನುಮತಿ ಇಲ್ಲದೆ ಗಣಿಗಾರಿಕೆ ಮಾಡುವುದು ಒಂದು ಅಪರಾಧ. ಸರ್ಕಾರದ ಸ್ವತ್ತಾದ ಮರಳನ್ನು ನದಿಯಿಂದ ಕದ್ದೊಯ್ಯುವುದು ಇನ್ನೊಂದು. 2020ರ ಡಿಸೆಂಬರ್‌ನ ಜಯಂತ್ ಪ್ರಕರಣದಲ್ಲಿ ನೀವು ಹೇಳಿದ ದಂಡದ ವಿಷಯವೇ ಬಂತು. ದಂಡ ಕಟ್ಟಿ ರಾಜಿ ಮಾಡಿಕೊಂಡರೆ ಗಣಿ ಕಾಯ್ದೆಯ ಕೇಸು ಅಲ್ಲಿಗೆ ಮುಗಿಯುತ್ತದೆ. ಐಪಿಸಿ ಕೇಸು ಮುಂದುವರಿಯುತ್ತದೆ. ನದಿ ಬತ್ತಿ ಬಾವಿ ಒಣಗಿದ ಊರಿನವನಾಗಿ ನನಗೆ ಈ ತೀರ್ಪಿನ ಬಗ್ಗೆ ತಕರಾರಿಲ್ಲ.

ನಿವೃತ್ತ ಗುಮಾಸ್ತ

ಸರ್ಕಾರಿ ನೌಕರರ ಕಷ್ಟ ಇದೇ. ಕ್ರಿಮಿನಲ್ ಕೇಸು ಒಂದು ಕಡೆ, ಇಲಾಖಾ ವಿಚಾರಣೆ ಇನ್ನೊಂದು ಕಡೆ. ನಮ್ಮ ಕಚೇರಿಯಲ್ಲಿ ಒಬ್ಬರ ಬಡ್ತಿ ತಡೆದರು. ಆಮೇಲೆ ಅದೇ ವಿಷಯಕ್ಕೆ ಕೋರ್ಟಿಗೂ ಹಾಕಿದರು.

ಓದುವ ಹುಡುಗಿ

ಇದು ಸಂವಿಧಾನ ಬಂದ ಹೊಸತರಲ್ಲೇ ತೀರ್ಮಾನ ಆದ ವಿಷಯ. 1949ರ ನವೆಂಬರ್‌ನಲ್ಲಿ ಮಕ್ಬೂಲ್ ಹುಸೇನ್ ಅನ್ನುವವರು ಜೆಡ್ಡಾದಿಂದ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಬಂದು ಇಳಿದರು. ಹತ್ತಿರ 107 ತೊಲಕ್ಕೂ ಸ್ವಲ್ಪ ಜಾಸ್ತಿ ಚಿನ್ನ ಇತ್ತು. ಸುಂಕದ ಇಲಾಖೆ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಆಮೇಲೆ ವಿದೇಶಿ ವಿನಿಮಯ ಕಾಯ್ದೆಯಲ್ಲಿ ಕ್ರಿಮಿನಲ್ ಕೇಸು ಬಂತು. ಚಿನ್ನ ಹೋಯಿತಲ್ಲ, ಮತ್ತೆ ಯಾಕೆ ಕೇಸು ಅಂತ ಅವರ ವಾದ. ಸುಂಕದ ಅಧಿಕಾರಿ ಕೋರ್ಟು ಅಲ್ಲ, ಮುಟ್ಟುಗೋಲು ಅಂದರೆ ವಿಚಾರಣೆ ನಡೆದು ಶಿಕ್ಷೆ ಆದಂತಲ್ಲ ಅಂತ ಸುಪ್ರೀಂ ಕೋರ್ಟ್ 1953ರಲ್ಲಿ ಹೇಳಿತು. ಮರುವರ್ಷ ವೆಂಕಟರಾಮನ್ ಪ್ರಕರಣದಲ್ಲಿ ಇಲಾಖಾ ವಿಚಾರಣೆಗೂ ಇದೇ ಮಾತು ಹೇಳಿತು. ಕೆಲಸದಿಂದ ವಜಾ ಆದವರ ಮೇಲೂ ಕ್ರಿಮಿನಲ್ ಕೇಸು ನಡೆಯಬಹುದು.

ಕಾನೂನಿನ ತರ್ಕ ನನಗೆ ಅರ್ಥ ಆಗುತ್ತದೆ. ಆದರೆ ಸಂಬಳ ನಿಂತ ಮನೆಗೆ ಅದು ಶಿಕ್ಷೆಯೇ. ಕೋರ್ಟು ಅದನ್ನು ಬೇರೆ ಹೆಸರಿಂದ ಕರೆದ ಮಾತ್ರಕ್ಕೆ ಅನ್ನದ ತಟ್ಟೆ ತುಂಬುವುದಿಲ್ಲ.

ಅಂಗಡಿ ಬೀದಿ

ಚೆಕ್ ಬೌನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಚೆಕ್ ವಾಪಸ್ಸಾದದ್ದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ರಲ್ಲಿ ಒಂದು ಕೇಸು, ಅದೇ ಚೆಕ್ಕಿಗೆ ಐಪಿಸಿಯ 420 (ಮೋಸ) ಅಂತ ಪೊಲೀಸರ ಹತ್ತಿರ ಇನ್ನೊಂದು. ನಡೆಯುತ್ತದೆಯೇ?

ಕರಿಕೋಟು

ಇದರಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳೇ ಎರಡು ದಿಕ್ಕಿಗೆ ಎಳೆಯುತ್ತವೆ. 2011ರ ಕೊಲ್ಲಾ ವೀರರಾಘವ ರಾವ್ ಪ್ರಕರಣದಲ್ಲಿ, 138ರಲ್ಲಿ ಶಿಕ್ಷೆ ಆದ ಮೇಲೆ ಅವೇ ಸಂಗತಿಗಳ ಮೇಲೆ 420 ನಡೆಸುವಂತಿಲ್ಲ ಅಂತ ಹೇಳಿತು. 2012ರ ಸಂಗೀತಾಬೆನ್ ಪ್ರಕರಣದಲ್ಲಿ ನಡೆಸಬಹುದು ಅಂದಿತು. 138ಕ್ಕೆ ಮೋಸದ ಉದ್ದೇಶ ತೋರಿಸಬೇಕಾಗಿಲ್ಲ, 420ಕ್ಕೆ ಅದೇ ಜೀವಾಳ ಅನ್ನುವುದು ಕಾರಣ. 2022ರಲ್ಲಿ ವೇದಸಿಂಗ್ ಪ್ರಕರಣದಲ್ಲಿ ಈ ಗೊಂದಲವನ್ನು ದೊಡ್ಡ ಪೀಠಕ್ಕೆ ಕಳಿಸಿದರು. ಹಾಗಾಗಿ ನಿಮ್ಮ ಕಡೆ ಯಾವ ತೀರ್ಪು ಅನುಕೂಲವೋ ಅದನ್ನು ಇಡಿ. ಎದುರಿನವರು ಇನ್ನೊಂದನ್ನು ಇಡುತ್ತಾರೆ ಅಂತ ಸಿದ್ಧವಾಗಿಯೇ ಹೋಗಿ.

ಮಲೆನಾಡ ಮಗಳು

ಮಕ್ಕಳ ಮೇಲಿನ ದೌರ್ಜನ್ಯದ ಕೇಸಲ್ಲಿ ಪೋಕ್ಸೋ ಮತ್ತು ಐಪಿಸಿ ಎರಡೂ ಹಾಕುತ್ತಾರಲ್ಲ, ಅಲ್ಲಿ ಏನು ಮಾಡುತ್ತಾರೆ? ಅಂಗನವಾಡಿಯಲ್ಲಿ ತಾಯಂದಿರು ಕೇಳುತ್ತಿರುತ್ತಾರೆ.

ಓದುವ ಹುಡುಗಿ

ಅದಕ್ಕೆ ಕಾಯ್ದೆಯಲ್ಲೇ ಉತ್ತರ ಬರೆದಿದ್ದಾರೆ. ಪೋಕ್ಸೋದ 42ನೇ ಕಲಂ. ಒಂದೇ ಕೃತ್ಯ ಎರಡೂ ಕಾನೂನಿನಲ್ಲಿ ಅಪರಾಧವಾಗಿದ್ದರೆ, ಯಾವುದರಲ್ಲಿ ಶಿಕ್ಷೆ ಜಾಸ್ತಿಯೋ ಅದರಲ್ಲಿ ಶಿಕ್ಷೆ. ಆರೋಪಿಗೆ ಎರಡು ಸಲ ಇಲ್ಲ, ಮಗುವಿಗೆ ಕಡಿಮೆ ನ್ಯಾಯವೂ ಇಲ್ಲ. ಎಲ್ಲ ಕಾಯ್ದೆಗಳಲ್ಲೂ ಹೀಗೆ ನೇರವಾಗಿ ಬರೆದಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

ಗದ್ದೆಬದು

ಇಷ್ಟೆಲ್ಲ ಹೇಳಿದ್ದಕ್ಕೆ ಎಲ್ಲರಿಗೂ ಶರಣು. ಇನ್ನೆರಡು ಪ್ರಶ್ನೆ. ನಮ್ಮವರೂ ಎದುರಿನವರ ಮೇಲೆ ಕೌಂಟರ್ ಕೇಸು ಕೊಟ್ಟಿದ್ದಾರೆ. ಒಂದೇ ಘಟನೆಗೆ ಎರಡು ಎಫ್ಐಆರ್ ಇಲ್ಲ ಅಂತ ಅವರು ಅದನ್ನು ರದ್ದು ಮಾಡಿಸಲು ಓಡಾಡುತ್ತಿದ್ದಾರೆ. ಮತ್ತೆ ಊರ ಹಿರಿಯರು ರಾಜಿ ಮಾಡಿಸೋಣ ಅನ್ನುತ್ತಿದ್ದಾರೆ. ರಾಜಿ ಆದ ಮೇಲೆ ಯಾರಾದರೂ ಮತ್ತೆ ಕೇಸು ಎಬ್ಬಿಸಬಹುದೇ?

ಕರಿಕೋಟು

ಅವರು ಹೇಳುತ್ತಿರುವುದು 2001ರ ಟಿ.ಟಿ. ಆಂಟನಿ ತೀರ್ಪು. ಒಂದೇ ಘಟನೆಗೆ ಎರಡನೇ ಎಫ್ಐಆರ್ ಇಲ್ಲ ಅನ್ನುವುದು ನಿಜ. ಆದರೆ ಎದುರು ಪಕ್ಷದವರು ತಮ್ಮ ಕಡೆಯ ಕಥೆ ಹೇಳಿ ಕೊಡುವ ದೂರಿಗೆ ಅದು ಅನ್ವಯಿಸುವುದಿಲ್ಲ. 2004ರ ಉಪಕಾರ್ ಸಿಂಗ್ ಪ್ರಕರಣದಲ್ಲಿ ಅದನ್ನು ಸ್ಪಷ್ಟ ಮಾಡಿದ್ದಾರೆ. ಕೇಸು ಮತ್ತು ಕೌಂಟರ್ ಕೇಸನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದು ಕೇಳಿ ತೀರ್ಮಾನಿಸಬೇಕು. ನಿಮ್ಮವು ಬೇರೆ ಬೇರೆ ಕೋರ್ಟಿನಲ್ಲಿದ್ದರೆ ಒಂದೇ ಕಡೆಗೆ ತರಲು ಅರ್ಜಿ ಹಾಕಿಸಿ.

ರಾಜಿಯ ವಿಷಯ. 323, 341, 504, 506 ರಾಜಿ ಆಗುವ ಕಲಂಗಳು. ಕೋರ್ಟಿನಲ್ಲಿ ಕ್ರಮವಾಗಿ ರಾಜಿ ದಾಖಲಾದರೆ ಅದಕ್ಕೆ ಖುಲಾಸೆಯ ಬೆಲೆ ಇದೆ, ದಂಡ ಪ್ರಕ್ರಿಯಾ ಸಂಹಿತೆಯ 320(8) ಹಾಗೆ ಹೇಳುತ್ತದೆ. ಖುಲಾಸೆ ಅಂದ ಮೇಲೆ 300ರ ರಕ್ಷಣೆಯೂ ಬರುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ಬರೆದ ಕಾಗದಕ್ಕೆ ಆ ಬೆಲೆ ಇಲ್ಲ. ಕೇಸು ಮುಚ್ಚಲು ಪೊಲೀಸರು ಹಾಕುವ ಬಿ ರಿಪೋರ್ಟಿಗೂ ಇಲ್ಲ, ಆರೋಪ ಹೊರಿಸುವ ಮೊದಲೇ ಬಿಡುಗಡೆ ಮಾಡುವ ಡಿಸ್ಚಾರ್ಜ್‌ಗೂ ಇಲ್ಲ. ಅವನ್ನು ಮುಗಿದದ್ದು ಅಂತ ನಂಬಿ ಕೂರಬೇಡಿ.

143, 147, 148 ರಾಜಿ ಪಟ್ಟಿಯಲ್ಲೇ ಇಲ್ಲ. ಅವುಗಳಿಗೆ ಎರಡೂ ಕಡೆಯವರು ಸೇರಿ ಹೈಕೋರ್ಟಿನಲ್ಲಿ ರದ್ದತಿ ಅರ್ಜಿ ಹಾಕಬೇಕಾಗುತ್ತದೆ. 2012ರ ಗ್ಯಾನ್ ಸಿಂಗ್ ತೀರ್ಪಿನ ನಂತರ ಇಂಥ ಖಾಸಗಿ ಜಗಳಗಳಲ್ಲಿ ಹೈಕೋರ್ಟು ಒಪ್ಪುವುದುಂಟು. ಮೊದಲು ನಾನು ಬೇಡ ಅಂದದ್ದು 20(2) ಹಿಡಿದು ಹೋಗುವ ದಾರಿಯನ್ನು. ಇದು ಬೇರೆ ದಾರಿ, ಇದಕ್ಕೆ ಖರ್ಚು ಮಾಡಿದರೆ ಅರ್ಥ ಇದೆ.

ರಾಜಿ ಮುರಿದು ವಿಚಾರಣೆ ಕೊನೆವರೆಗೆ ಹೋಗಿ ದೋಷಿ ಅಂತ ತೀರ್ಪು ಬಂದರೆ, ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ದಿನ ವಕೀಲರು ತಪ್ಪದೆ ಹಾಜರಿರಲಿ. 71ನೇ ಕಲಂ ಅಲ್ಲಿ ಎತ್ತಬೇಕು, ಏಕಕಾಲಕ್ಕೆ ಅನ್ನುವ ಮಾತನ್ನೂ ಅಲ್ಲೇ ಬರೆಸಬೇಕು. ದಂಡದ ಹಣವನ್ನೂ ಹೊಂದಿಸಿಕೊಂಡಿರಿ. ದಂಡ ಕಟ್ಟದಿದ್ದರೆ ಅನುಭವಿಸುವ ಜೈಲು ಮಾತ್ರ ಏಕಕಾಲಕ್ಕೆ ಓಡುವುದಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿದೆ. ಎಂಟು ಕಲಂಗೆ ಎಂಟು ದಂಡ ಬಿದ್ದರೆ ಅದು ಒಂದರ ಮೇಲೊಂದು ಸೇರುತ್ತದೆ.

ಗದ್ದೆಬದು

ಎರಡೂ ಕೇಸಿನ ನಂಬರ್ ಬರೆದುಕೊಂಡಿದ್ದೇನೆ ಸರ್. ಎರಡು ಬೇರೆ ಕೋರ್ಟಿನಲ್ಲೇ ಇವೆ. ಸೋಮವಾರ ವಕೀಲರ ಹತ್ತಿರ ಹೋಗಿ ಮೊದಲು ಒಂದೇ ಕಡೆ ತರುವ ಅರ್ಜಿ ಹಾಕಿಸುತ್ತೇನೆ, ಆಮೇಲೆ ಹಿರಿಯರನ್ನು ಕೂರಿಸಿ ರಾಜಿಯ ಮಾತು.